ವಯಸ್ಸಾದವರಿಗೆ ಹಿತವಾದ ಸೈಕಲ್

ಹೊಲ, ತೋಟ, ಹಾಲಿನ ಡೇರಿ, ಸಂತೆ ಎಂದು ಬದುಕಿನುದ್ದಕ್ಕೂ ಸೈಕಲ್ ತುಳಿದ ರೈತರು ಅರವತ್ತು ದಾಟಿದ ಮೇಲೆ ಅದನ್ನು ಗೋಡೆಗೆ ಒರಗಿಸಿಬಿಡುವುದು ಸಾಮಾನ್ಯ. ಕಾಲಿನಲ್ಲಿ ಕಸುವಿಲ್ಲ ಎಂಬುದು ಅವರು ಹೇಳುವ ಕಾರಣ. ಆದರೆ ಅನೇಕರಿಗೆ ತುಳಿಯುವುದಕ್ಕಿಂತ ಹತ್ತಿ ಇಳಿಯುವುದೇ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಅಗತ್ಯ. ದೇಹದ ಭಾರದ ಹೆಚ್ಚಿನ ಪಾಲನ್ನು ಸೀಟು ಹೊರುವುದರಿಂದ ಸೈಕಲ್ ಸವಾರಿ ಇದಕ್ಕೆ ತಕ್ಕ ವ್ಯಾಯಾಮ. ಎತ್ತಿನ ಎತ್ತರ ನೋಡಿ ನೇಗಿಲು ಹೊಂದಿಸುವ ಹಾಗೆ, ಸವಾರನ ಮೈಗೆ ಸೈಕಲ್ಲನ್ನು ಹೊಂದಿಸಿಕೊಳ್ಳಬೇಕು.

ಚೌಕಟ್ಟು: ಎಲ್ಲಕ್ಕಿಂತ ಮುಖ್ಯವಾದ ಅಂಶವಿದು. ಅಡ್ಡಬಾರ್ ಇರುವ ಹಳೆಯ ಮಾದರಿಯ ಸೈಕಲ್ ಹತ್ತಲು ಕಾಲನ್ನು ಸೀಟಿನ ಮೇಲಿಂದ ಬೀಸಬೇಕು. ಸೊಂಟ, ಮಂಡಿ ಬಿಗಿದವರು ಜೋಲಿ ತಪ್ಪಿ ಬೀಳುವುದು ಈ ಗಳಿಗೆಯಲ್ಲೇ. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಚೇತರಿಕೆ ನಿಧಾನ. ಆದ್ದರಿಂದ ಅಡ್ಡಬಾರ್ ಇಲ್ಲದ, ಕಾಲನ್ನು ಮುಂದಿನಿಂದಲೇ ದಾಟಿಸಬಹುದಾದ ಸೈಕಲ್ಲನ್ನೇ ಆರಿಸಬೇಕು. ಇದನ್ನು "ಲೇಡೀಸ್ ಸೈಕಲ್" ಎಂದು ಕರೆಯುವುದರಿಂದ ಗಂಡಸರು ಸಂಕೋಚಪಡುತ್ತಾರೆ. ಸಂಕೋಚಕ್ಕೆ ಕಾರಣವಿಲ್ಲ. ಪಂಚೆ, ಲುಂಗಿ ಉಡುವವರಿಗೂ ಇದೇ ಅನುಕೂಲ. ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತ್ತು. ಹೆಣ್ಣುಮಕ್ಕಳಿಗೆ ಕೊಟ್ಟವು ಈ ಬಗೆಯವು. ಮನೆಯಲ್ಲಿ ಅಂಥದೊಂದು ಸುಮ್ಮನೆ ನಿಂತಿದ್ದರೆ, ಹೊಸದನ್ನು ಕೊಳ್ಳುವ ಮೊದಲು ಅದನ್ನೇ ಪರೀಕ್ಷಿಸಿ ನೋಡಿ.

ಸೀಟು: ಆರಂಭದಲ್ಲಿ ಕುಳಿತಲ್ಲಿಂದಲೇ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗುವಷ್ಟು ತಗ್ಗಿಸಿಕೊಳ್ಳಿ. ಧೈರ್ಯ ಬಂದಂತೆ ಸ್ವಲ್ಪ ಸ್ವಲ್ಪವೇ ಏರಿಸಿ. ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವುದು ಸರಿಯಾದ ಎತ್ತರ. ಸೀಟು ಬಹಳ ತಗ್ಗಿದ್ದರೆ ಮಂಡಿ ಅತಿಯಾಗಿ ಮಡಚಿ ನೋವು ಬರುತ್ತದೆ. ಸೀಟಿನ ಕಂಬದ ಮೇಲಿರುವ ಗಡಿ ಗುರುತನ್ನು ಮೀರಿ ಏರಿಸಕೂಡದು. ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳುವವರಿಗೆ ಅಗಲವಾದ, ಸ್ಪ್ರಿಂಗ್ ಇರುವ ಸೀಟು ಒಳ್ಳೆಯದು.

ಹ್ಯಾಂಡಲ್: ಸೀಟಿಗಿಂತ ತುಸು ಎತ್ತರವಿದ್ದು, ಹಿಡಿಗಳು ಸವಾರನ ಕಡೆಗೆ ಬಾಗಿರಬೇಕು. ಮುಂದಕ್ಕೆ ಬಗ್ಗಿ ಹಿಡಿಯುವ ನೇರ ಹ್ಯಾಂಡಲ್ಲಿನಿಂದ ಕತ್ತು, ಮುಂಗೈಗಳಿಗೆ ಆಯಾಸ.

ಟೈರು: ನಮ್ಮ ಹಳ್ಳಿಯ ದಾರಿಗೆ 26 ಅಂಗುಲದ ಚಕ್ರ, 1.75ರಿಂದ 2 ಅಂಗುಲ ಅಗಲದ ಟೈರು ಸೂಕ್ತ. ಅಗಲ ಟೈರು ಕುಲುಕಾಟವನ್ನು ತಾನೇ ನುಂಗುತ್ತದೆ. ಅಗ್ಗದ ಸೈಕಲ್ಲುಗಳ ಶಾಕ್ ಅಬ್ಸಾರ್ಬರಿನಿಂದ ತೂಕ ಹೆಚ್ಚುವುದೇ ವಿನಾ ಪ್ರಯೋಜನ ಕಡಿಮೆ.

ಹಲ್ಲಿನ ಲೆಕ್ಕ: ಮುಂದೆ 44, ಹಿಂದಿನ ಫ್ರೀವ್ಹೀಲಿನಲ್ಲಿ 18 ಹಲ್ಲುಗಳಿದ್ದರೆ 28 ಅಂಗುಲದ ಚಕ್ರದ ಸೈಕಲ್ ಪೆಡಲ್ ಒಂದು ಸುತ್ತಿದಾಗ ಸುಮಾರು 5.4 ಮೀಟರ್ ಸಾಗುತ್ತದೆ. ಹಿಂದೆ 22 ಹಲ್ಲಿನ ಫ್ರೀವ್ಹೀಲ್ ಹಾಕಿಸಿದರೆ 4.4 ಮೀಟರ್ ಸಾಗುತ್ತದೆ. ವೇಗ ಕಡಿಮೆಯಾದರೂ ಏರಿನಲ್ಲಿ ತುಳಿತ ಹಗುರ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಇದಕ್ಕೆ ಗೇರ್ ಸೈಕಲ್ಲಿನಷ್ಟು ಖರ್ಚಿಲ್ಲ.

ಬ್ರೇಕ್: ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ರಬ್ಬರ್ ಕಟ್ಟೆಗಳು ಸರಿಯಾಗಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ರಿಮ್ ಇದಕ್ಕಿಂತ ಮೇಲು. ಬೆರಳುಗಳಲ್ಲಿ ಬಲ ಕುಂದಿದವರು ಲಿವರನ್ನು ಅಂಗಡಿಯಲ್ಲೇ ಒತ್ತಿ ನೋಡಬೇಕು.

ಕೊಳ್ಳುವ ಮುನ್ನ ಇವನ್ನು ಪರೀಕ್ಷಿಸಿ:

1. ಯಾರ ಆಸರೆಯೂ ಇಲ್ಲದೆ ಹತ್ತು ಬಾರಿ ಹತ್ತಿ ಇಳಿಯಿರಿ.
2. ಸ್ಟ್ಯಾಂಡಿಗೆ ಹಾಕಲು, ಹೊಸ್ತಿಲು ದಾಟಿಸಲು ಆಗುತ್ತದೆಯೇ ನೋಡಿ. ಹಳೆಯ ಮಾದರಿಯದು ಸುಮಾರು 20 ಕಿಲೋ ತೂಗುತ್ತದೆ.
3. ಪಂಚೆ, ಸೀರೆ ಸಿಕ್ಕಿಕೊಳ್ಳದಂತೆ ಪೂರ್ಣ ಚೈನ್ ಕವರ್ ಇರಲಿ. ಸೀರೆ ಉಡುವವರಿಗೆ ಹಿಂಚಕ್ರಕ್ಕೂ ಜಾಲರಿ ಬೇಕು.
4. ಗಂಟೆ, ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಕಡ್ಡಾಯವಾಗಿರಲಿ.

ಹೃದ್ರೋಗ, ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಮೊದಲ ವಾರ ತಂಪು ಹೊತ್ತಿನಲ್ಲಿ, ವಾಹನವಿಲ್ಲದ ಸಮತಟ್ಟು ದಾರಿಯಲ್ಲಿ ಹತ್ತು ನಿಮಿಷ ಸಾಕು. ಬಣ್ಣಕ್ಕೆ, ಗೇರುಗಳ ಸಂಖ್ಯೆಗೆ ಮರುಳಾಗದೆ, ಸುಲಭವಾಗಿ ಹತ್ತಿ ಇಳಿಯಬಹುದಾದ ಸೈಕಲ್ಲನ್ನು ಆರಿಸಿಕೊಂಡರೆ ಹಿರಿಯರು ಇನ್ನೂ ಹಲವು ವರ್ಷ ತಮ್ಮ ಹೊಲಕ್ಕೆ ತಾವೇ ಹೋಗಿಬರಬಹುದು.