ಪುಟ್ಟಿ ಹಚ್ಚುವ ಮೊದಲು

ಕಬ್ಬು ಕಡಿಯುವ ದಿನಗಳಲ್ಲಿ ಬೀದರ್ ಜಿಲ್ಲೆಯ ರಸ್ತೆಗಳ ಮೇಲೆ ರಾತ್ರಿಯಿಡೀ ಟ್ರಾಲಿಗಳ ಸಾಲು. ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಕೂಡ ಕಾಣದ ಅಂಥದೊಂದು ಟ್ರಾಲಿಗೆ ಔರಾದ್ ರಸ್ತೆಯಲ್ಲಿ ಹಳೆಯ ಅಂಬಾಸಿಡರ್ ಹೋಗಿ ತಗುಲಿತು ಎಂದುಕೊಳ್ಳಿ. ಎಡಗಡೆಯ ಮಡ್‌ಗಾರ್ಡ್ ಒಳಕ್ಕೆ ಮಡಚಿಕೊಂಡಿದೆ, ಬಾನೆಟ್ ಓರೆಯಾಗಿದೆ, ಬಾಗಿಲು ಮುಚ್ಚಿದರೂ ಕೆಳಗೆ ಬೆರಳು ತೂರುವಷ್ಟು ಸಂದು. ಎಂಜಿನ್ನಿಗೆ ಏನೂ ಆಗಿಲ್ಲ. ಆಗಿದ್ದರೂ ಅದನ್ನು ಬಿಚ್ಚಿ ನೋಡುವ ಮಿಸ್ತ್ರಿ ಔರಾದಿನಲ್ಲೇ ಸಿಗುತ್ತಾನೆ. ಗಾಡಿಯ ಮೈ ಸರಿ ಮಾಡುವವರು ಯಾರು? ಅವರನ್ನು ನಂಬುವುದು ಹೇಗೆ?

ಒಂದು ಕಾಲಕ್ಕೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಈ ಭಾಗದಲ್ಲಿ ಓಡಾಡುತ್ತಿದ್ದ ಕಾರುಗಳೆಂದರೆ ಅಂಬಾಸಿಡರ್, ಫಿಯಟ್, ಬಿಟ್ಟರೆ ಮಹೀಂದ್ರಾ ಜೀಪು. ಡೆಂಟಿಂಗ್ ಕಲಿತವನೆಂದರೆ ಈ ಮೂರರ ಮೈ ಬಲ್ಲವನು. ಈಗ ಆ ಮೂರೂ ರಸ್ತೆಯಲ್ಲಿ ಅಪರೂಪ, ಅವುಗಳ ತಗಡಿನ ಮರ್ಮ ಬಲ್ಲ ಕೈಗಳು ಇನ್ನೂ ಅಪರೂಪ. ಆ ಕೈಗಳು ಎಲ್ಲಿಂದ ಬಂದವು, ಯಾಕೆ ಕಡಿಮೆಯಾದವು ಎಂದು ತಿಳಿದುಕೊಂಡರೆ ಒಳ್ಳೆಯ ಗ್ಯಾರೇಜನ್ನು ಗುರುತಿಸುವ ಕಣ್ಣೂ ಬರುತ್ತದೆ ಎಂಬುದು ನನ್ನ ನಂಬಿಕೆ.

ಮೋಟಾರು ಈ ಸೀಮೆಗೆ ಬಂದದ್ದು ಹೈದರಾಬಾದಿನ ದಾರಿಯಿಂದ. 1956ರ ನವೆಂಬರ್ 1ರವರೆಗೆ ಬೀದರ್, ಭಾಲ್ಕಿ, ಔರಾದ್ ಮೂರೂ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ರೈಲ್ವೆ 1932ರಲ್ಲಿ ರಸ್ತೆ ಸಾರಿಗೆ ಇಲಾಖೆ ತೆರೆದಾಗ ಅದರ ಬಂಡವಾಳ 27 ಬಸ್ಸು, 166 ನೌಕರರು. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಓಡಿದ್ದು ಆಗಲೇ. ಆ ಕಾಲದ ಬಸ್ಸೆಂದರೆ ಉಕ್ಕಿನ ಚೆಸ್ಸಿಯ ಮೇಲೆ ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ತಗಡಿನ ಹೊದಿಕೆ. ಬಡಗಿ, ಕಮ್ಮಾರ, ತಗಡಿನ ಕೆಲಸದವ, ಬಣ್ಣದವ ಸೇರಿದರೇ ಅದಕ್ಕೊಂದು ಮೈ. ಗುಂಡಿ ಬಿದ್ದ ರಸ್ತೆಯಲ್ಲಿ ಮೊಳೆ ಸಡಿಲಿದಾಗ, ತಗಡು ಹರಿದಾಗ ಮತ್ತೆ ಅವರೇ ಬೇಕು. ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿನ ಹಳದಿ ರೋಲ್ಸ್ ರಾಯ್ಸ್ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಜಾಮರಿಗೆಂದೇ ಮಾಡಿದ ಆ ಸಿಂಹಾಸನದ ಗಾಡಿ ರಸ್ತೆ ಕಂಡದ್ದು ತೀರ ಕಡಿಮೆ. ಈ ನಾಡಿಗೆ ತಗಡಿನ ವಿದ್ಯೆ ಕಲಿಸಿದ್ದು ಅರಮನೆಯ ಕಾರಲ್ಲ, ದಿನಾ ಧೂಳು ಕುಡಿದ ಬಸ್ಸು ಮತ್ತು ಲಾರಿ.

ಸ್ವಾತಂತ್ರ್ಯದ ನಂತರ ಕಾರುಗಳ ಪಾಳಿ. ಬಿರ್ಲಾ ಕುಟುಂಬ 1942ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಮೋಟರ್ಸ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಮಾದರಿಯ ಅಚ್ಚುಗಳನ್ನು ತಂದು 1950ರ ದಶಕದ ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಿಂದ ಅಂಬಾಸಿಡರ್ ಹೊರತಂದಿತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಮುಂಬೈನ ಕುರ್ಲಾದಲ್ಲಿ ಫಿಯಟ್ 1100 ತಯಾರಿಸಿತು. ಅದೇ ಮುಂದೆ ಪ್ರೀಮಿಯರ್ ಪದ್ಮಿನಿ. ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಲೈಸೆನ್ಸಿನ ಆ ಕಾಲದಲ್ಲಿ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಗಾಡಿಯನ್ನು ಒಂದು ಅಪಘಾತಕ್ಕೆ ಯಾರು ಬಿಟ್ಟುಕೊಡುತ್ತಾರೆ? ಜಜ್ಜಿದ್ದನ್ನು ಎತ್ತಬೇಕು, ಹರಿದದ್ದನ್ನು ಬೆಸೆಯಬೇಕು, ಮತ್ತೆ ಓಡಿಸಬೇಕು. ಈ ಅಗತ್ಯವೇ ಡೆಂಟರನನ್ನು ಬೆಳೆಸಿತು. ಅಂಬಾಸಿಡರಿನ ಆಕಾರ ಅರ್ಧ ಶತಮಾನ ಹೆಚ್ಚೇನೂ ಬದಲಾಗದ ಕಾರಣ, ಉಸ್ತಾದ್ ತಾರುಣ್ಯದಲ್ಲಿ ಕಲಿತ ಆ ಮಡ್‌ಗಾರ್ಡಿನ ಉಬ್ಬು ಅವನ ಶಾಗಿರ್ದನಿಗೂ ಅನ್ನ ಕೊಟ್ಟಿತು.

ಆ ಉಬ್ಬನ್ನು ಮತ್ತೆ ಎಬ್ಬಿಸುವುದು ಎಂಥ ಕೆಲಸ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಜೀಪಿನ ಮೈ ಬಹುಪಾಲು ಚಪ್ಪಟೆ. ಮೈ ಬೇರೆ, ಚೆಸ್ಸಿ ಬೇರೆ. ಟ್ರಾಲಿ ಬೆಸೆಯುವ ಕೈಯೂ ಅದನ್ನು ಒಂದು ಮಟ್ಟಕ್ಕೆ ತರಬಲ್ಲದು. ಅಂಬಾಸಿಡರ್, ಫಿಯಟ್ ಹಾಗಲ್ಲ. ಅವುಗಳಿಗೆ ಕೆಳಗೆ ಪ್ರತ್ಯೇಕ ಚೆಸ್ಸಿಯಿಲ್ಲ, ಮೈಯೇ ಭಾರ ಹೊರುತ್ತದೆ. ಮುಂದೆ ಬಿದ್ದ ಪೆಟ್ಟು ಬಾಗಿಲಿನ ಕಂಬದವರೆಗೂ ಹೋಗಿರಬಹುದು. ಬಾಗಿಲ ಸಂದು ಅಗಲವಾಗಿದ್ದರೆ ಅದು ಬಾಗಿಲಿನ ದೋಷವೇ ಆಗಬೇಕಿಲ್ಲ. ಆದ್ದರಿಂದ ಬಲ್ಲ ಡೆಂಟರ್ ಮೊದಲು ಸುತ್ತಿಗೆ ಹಿಡಿಯುವುದಿಲ್ಲ, ಅಳತೆ ಹಿಡಿಯುತ್ತಾನೆ. ಎಡದ ಮೂಲೆಯಿಂದ ಬಲದ ಮೂಲೆಗೆ, ಬಲದಿಂದ ಎಡಕ್ಕೆ ಕರ್ಣ ಅಳೆದು ಎರಡೂ ಹೊಂದುತ್ತವೆಯೇ ನೋಡುತ್ತಾನೆ. ಪೆಟ್ಟು ಯಾವ ದಿಕ್ಕಿಗೆ ತಳ್ಳಿತೋ ಅದರ ಎದುರು ದಿಕ್ಕಿಗೆ ಮೈಯನ್ನು ಎಳೆಸಿ, ಕಡೆಗೆ ಪೆಟ್ಟು ಮೊದಲು ಬಿದ್ದ ಜಾಗಕ್ಕೆ ಬರುತ್ತಾನೆ.

ಆಮೇಲೆ ಬಡಿತ. ಒಳಗೆ ಕಬ್ಬಿಣದ ಡಾಲಿ ಆನಿಸಿ, ಹೊರಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು. ಜೋರಾಗಿ ಬಡಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಅದನ್ನು ಕುಗ್ಗಿಸುವ ವಿದ್ಯೆ ಬೇರೆ: ಗ್ಯಾಸಿನ ಉರಿಯಲ್ಲಿ ನಾಣ್ಯದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತಲಿಂದ ಒಳಕ್ಕೆ ಬಡಿದು, ಒದ್ದೆ ಬಟ್ಟೆ ಒತ್ತಿದರೆ ಆ ಜಾಗ ಬಿಗಿಯುತ್ತದೆ. ಹಳೆಯ ಗಾಡಿಗಳ ಮೆದು ಉಕ್ಕು ಈ ಉರಿಯನ್ನು ತಾಳಿಕೊಳ್ಳುತ್ತದೆ. ಇಂದಿನ ಕಾರುಗಳ ಹೆಚ್ಚು ಬಲದ ಉಕ್ಕು ಅದೇ ಉರಿಗೆ ತನ್ನ ಕಸುವು ಕಳೆದುಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಪಳಗಿದ ಹುಡುಗ ಗ್ಯಾಸ್ ಮುಟ್ಟಲು ಹೆದರುವುದು ತಪ್ಪಲ್ಲ, ಅವನ ಪಾಠವೇ ಬೇರೆ. ಆದರೆ ನಿಮ್ಮ ಅಂಬಾಸಿಡರಿಗೆ ಅವನು ಸಾಲದು.

ಈ ತಾಳ್ಮೆಯ ಕೆಲಸಕ್ಕೆ ಅಡ್ಡದಾರಿ ತೋರಿಸಿದ್ದು ಪಾಲಿಯೆಸ್ಟರ್ ಪುಟ್ಟಿ. 1950ರ ದಶಕದ ನಡುವೆ ಅಮೆರಿಕದಲ್ಲಿ ಬಳಕೆಗೆ ಬಂದ ಇದು ಕ್ರಮೇಣ ಎಲ್ಲ ಗ್ಯಾರೇಜಿಗೂ ಹಬ್ಬಿತು. ಅದಕ್ಕೂ ಮೊದಲು ಕಾರಿನ ಸಂಧಿಗಳನ್ನು ಸೀಸದ ಬೆಸುಗೆಯಿಂದ ತುಂಬುತ್ತಿದ್ದರು. ಅದರ ಧೂಳು ವಿಷ, ಕೆಲಸವೂ ನಿಧಾನ. ಪುಟ್ಟಿ ಕೆಟ್ಟದ್ದಲ್ಲ. ಬಡಿದು ಮಟ್ಟ ಮಾಡಿದ ತಗಡಿನ ಮೇಲೆ ಎರಡು ಮೂರು ಮಿಲಿಮೀಟರಿನ ಒಳಗೆ ಎಳೆದರೆ ಅದು ತನ್ನ ಕೆಲಸ ಮಾಡುತ್ತದೆ. ಬಡಿಯದೇ ಬಿಟ್ಟ ಗುಳಿಗೆ ಬೆರಳು ದಪ್ಪ ಮೆತ್ತಿದಾಗಲೇ ಮೋಸ. ಪುಟ್ಟಿ ತೇವ ಹೀರುತ್ತದೆ. ಒಂದೆರಡು ಮಳೆಗಾಲದಲ್ಲಿ ಒಳಗಿನ ಪತ್ರಾಕ್ಕೆ ಜಂಗು ಹಿಡಿದು ಬಣ್ಣ ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ಬಿಲ್ಲು ಎಲ್ಲೋ ಕಳೆದಿರುತ್ತದೆ.

ಇನ್ನೊಂದು ಪೆಟ್ಟು ಬಂದದ್ದು ಪಾರ್ಟ್ಸ್ ಅಂಗಡಿಯಿಂದ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, 1991ರ ನಂತರ ಹತ್ತಾರು ಕಂಪನಿಗಳು ಬಂದವು. ಬಂಪರ್ ಪ್ಲಾಸ್ಟಿಕ್ ಆಯಿತು, ಮಡ್‌ಗಾರ್ಡ್ ಬೋಲ್ಟು ಬಿಚ್ಚಿ ಬದಲಿಸುವ ವಸ್ತುವಾಯಿತು. ಬಡಿಯುವ ಕೂಲಿಗಿಂತ ಹೊಸ ಪಾರ್ಟ್ ಹಾಕುವುದೇ ಅಗ್ಗ, ವಿಮೆಯ ಲೆಕ್ಕಕ್ಕೂ ಅದೇ ಸುಲಭ. ಹಳೆಯ ಗಾಡಿಗೆ ಇದೇ ಲೆಕ್ಕ ಉರುಳಾಗುತ್ತದೆ. ಮೋಟಾರು ವಿಮೆಯ ದರಪಟ್ಟಿಯ ನಿಯಮದಂತೆ, ಹತ್ತು ವರ್ಷ ದಾಟಿದ ವಾಹನದ ಲೋಹದ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ, ಬಣ್ಣದ ಸಾಮಗ್ರಿಗೂ ಹಾಗೆಯೇ. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ 75 ಮೀರಿದರೆ ಗಾಡಿ ಪೂರ್ತಿ ನಷ್ಟವೆಂದೇ ಲೆಕ್ಕ. ಹತ್ತಾರು ಸಾವಿರ ರೂಪಾಯಿಯಷ್ಟೇ ಮೌಲ್ಯ ನಮೂದಾದ ಅಂಬಾಸಿಡರಿಗೆ ಒಂದು ಬದಿ ಜಜ್ಜಿದರೆ ಸಾಕು, ಆ ಗೆರೆ ದಾಟುತ್ತದೆ. ಅಪ್ಪ ಓಡಿಸಿದ ಗಾಡಿಯನ್ನು ಕಾಗದದ ಮೇಲೆ ಸತ್ತಿದೆ ಎಂದು ಬರೆಸಿಕೊಳ್ಳುವುದು ಬೇಡವೆಂದರೆ ಕೈಯಿಂದ ಹಾಕಬೇಕು. ಹಾಗಿದ್ದಾಗ ಡೆಂಟರನ ಪ್ರಾಮಾಣಿಕತೆಯೊಂದೇ ನಿಮಗಿರುವ ರಕ್ಷಣೆ.

ಪದ್ಮಿನಿಯ ತಯಾರಿಕೆ ಈ ಶತಮಾನದ ಮೊದಲ ವರ್ಷಗಳಲ್ಲೇ ನಿಂತಿತು. ಉತ್ತರಪಾಡಾ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಈಗ ಹಳೆಯ ಭಾಗ ಬೇಕೆಂದರೆ ಕೋಲ್ಕತ್ತದ ಮಲ್ಲಿಕ್ ಬಜಾರ್, ಹೈದರಾಬಾದಿನ ಪುತ್ಲಿಬೌಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ತಡಕಬೇಕು, ಇಲ್ಲವೇ ಗುಜರಿಯಲ್ಲಿ ಬಿದ್ದ ಇನ್ನೊಂದು ಗಾಡಿಯಿಂದ ಕತ್ತರಿಸಿ ತರಬೇಕು. ಗುಜರಿಯ ಮಡ್‌ಗಾರ್ಡ್ ಹಳೆಯದಾದರೂ ಕಂಪನಿಯ ಅಚ್ಚಿನದು. ಹೊಸದೆಂದು ಮಾರುವ ನಕಲಿಗಿಂತ ನಾನು ಅದನ್ನೇ ಆರಿಸುತ್ತೇನೆ.

ಗ್ಯಾರೇಜು ಹುಡುಕುವ ಮಾತಿಗೆ ಬರುವ ಮುನ್ನ ಬೀದರಿನ ಚೌಬಾರಾ ಹತ್ತಿರದ ಬೀದಿಗೆ ಹೋಗಿಬರೋಣ. ಅಲ್ಲಿ ಬಿದ್ರಿ ಕೆಲಸದವರು ಬಾಗಿಲು ತೆರೆದಿಟ್ಟುಕೊಂಡೇ ಕೂತಿರುತ್ತಾರೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿ ಅದನ್ನು ಕಪ್ಪಾಗಿಸುತ್ತಾರೆ. ಇದು ಕಡೆಯ ಕಪ್ಪಲ್ಲ. ಉಳಿ ಎಳೆದ ಗೆರೆ ಬೆಳ್ಳಗೆ ಎದ್ದು ಕಾಣಲೆಂದು ಹಾಕಿದ ತಾತ್ಕಾಲಿಕ ಕಪ್ಪು. ಬೆಳ್ಳಿ ತಂತಿ ಕೂರಿಸಿದ ಮೇಲೆ ಆ ಕಪ್ಪನ್ನು ಉಜ್ಜಿ ತೆಗೆಯುತ್ತಾರೆ. ಕೋಟೆಯ ಮಣ್ಣು ಮತ್ತು ನವಸಾಗರ ಕೂಡಿಸಿ ಬರಿಸುವ ನಿಜವಾದ ಕಪ್ಪು ಕೊನೆಗೆ. ಒಳ್ಳೆಯ ಪೇಂಟರ್ ಮಾಡುವುದೂ ಇದನ್ನೇ. ಪ್ರೈಮರ್ ಒಣಗಿದ ಮೇಲೆ ತೆಳ್ಳಗೆ ಕಪ್ಪು ಬಣ್ಣದ ತುಂತುರು ಹೊಡೆದು, ನೀರು ಹಾಕುತ್ತ ವಾಟರ್ ಪೇಪರಿನಿಂದ ಉಜ್ಜುತ್ತಾನೆ. ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ತಪ್ಪು ತಾನಾಗಿ ಬಯಲಿಗೆ ಬರುತ್ತದೆ. ಒಂದು ಕಸುಬು ಇನ್ನೊಂದರಿಂದ ಹುಟ್ಟಿದ್ದಲ್ಲ, ಆದರೆ ತನ್ನ ತಪ್ಪನ್ನು ತಾನೇ ಕಾಣಲು ಲೋಹವನ್ನು ಕಪ್ಪು ಮಾಡಿಕೊಳ್ಳುವ ಈ ರೀತಿ ನನಗೆ ಎರಡರಲ್ಲೂ ದೊಡ್ಡದೆನಿಸುತ್ತದೆ. ಈ ತುಂತುರು ಹೊಡೆಯುತ್ತೀರಾ ಎಂದು ಪೇಂಟರನನ್ನು ಕೇಳಿ. ಉತ್ತರದಲ್ಲೇ ಅರ್ಧ ತಿಳಿಯುತ್ತದೆ.

ಹಾಗಾದರೆ ಗಾಡಿಯನ್ನು ಎಲ್ಲಿಗೆ ಒಯ್ಯಬೇಕು? ಔರಾದ್, ಭಾಲ್ಕಿಯ ವೆಲ್ಡಿಂಗ್ ಅಂಗಡಿಗಳ ನಿತ್ಯದ ಕೆಲಸ ಟ್ರಾಲಿ, ಟ್ರ್ಯಾಕ್ಟರಿನ ಮಡ್‌ಗಾರ್ಡ್, ಆಟೊ. ಗಾಡಿ ಬೀದರ್ ಮುಟ್ಟುವ ಸ್ಥಿತಿಗೆ ತರಲು ಅವರ ನೆರವು ಸಾಕು, ಮುಂದಿನದನ್ನು ಅವರ ಮೇಲೆ ಹೊರಿಸಬಾರದು. ಹೈದರಾಬಾದಿನಲ್ಲಿ ಹೆಸರುವಾಸಿಗಳಿದ್ದಾರೆ ಎನ್ನುವವರು ಇರುತ್ತಾರೆ, ನಿಜವೂ ಹೌದು. ಆದರೆ ಬೀದರಿನಿಂದಲೇ ಅದು ಸುಮಾರು 140 ಕಿಲೊಮೀಟರ್, ಔರಾದಿನವರಿಗೆ ಇನ್ನೂ ದೂರ. ಅಲ್ಲಿ ಬಿಟ್ಟುಬಂದ ಗಾಡಿಯನ್ನು ನೀವು ಮತ್ತೆ ನೋಡುವುದು ಬಣ್ಣ ಮಿಂಚುವಾಗಲೇ. ನನ್ನ ಮತ ಬೀದರಿನ ಕಡೆಗೆ. ಗ್ಯಾಸಿನ ಉರಿ ಬಲ್ಲ ವಯಸ್ಸಾದ ಉಸ್ತಾದ್ ಒಬ್ಬರು ಸಿಕ್ಕರೆ, ವಾರದ ಸಂತೆಗೆ ಬಂದಾಗಲೆಲ್ಲ ಹಾದುಹೋಗಿ ನೋಡುವಷ್ಟು ಹತ್ತಿರ ಗಾಡಿ ಇರುತ್ತದೆ.

ಹೋದಾಗ ಮೊದಲು ನೋಡಬೇಕಾದ್ದು ಮುಗಿದ ಗಾಡಿಯನ್ನಲ್ಲ, ಅರ್ಧಕ್ಕೆ ನಿಂತ ಗಾಡಿಯನ್ನು. ತಗಡು ಬೆತ್ತಲಾಗಿದೆಯೋ, ಹಳೆಯ ಬಣ್ಣದ ಮೇಲೆಯೇ ಪುಟ್ಟಿ ಎಳೆದಿದ್ದಾರೋ? ಜಂಗು ತಿಂದ ಭಾಗವನ್ನು ಕತ್ತರಿಸಿ ಹೊಸ ಪತ್ರಾ ಕೂರಿಸಿದ್ದಾರೋ, ಮೇಲೆ ತೇಪೆ ಹಾಕಿದ್ದಾರೋ? ಬಿಚ್ಚಿದ ಬೀಡಿಂಗು, ಹ್ಯಾಂಡಲ್, ಸ್ಕ್ರೂಗಳು ಗುರುತು ಹಾಕಿದ ಡಬ್ಬಿಯಲ್ಲಿವೆಯೋ, ನೆಲದ ಮೇಲೆ ಚೆಲ್ಲಿವೆಯೋ? ಆಮೇಲೆ ದರ. ಪೀಸಿಗೆ ಇಷ್ಟು ಎಂದು ಒಂದೇ ಮೊತ್ತಕ್ಕೆ ಒಪ್ಪಿಸಿದರೆ, ಬಡಿಯುವ ದಿನಗಳನ್ನು ಉಳಿಸಿ ಪುಟ್ಟಿ ಮೆತ್ತಿದವನಿಗೇ ಲಾಭ. ಡೆಂಟಿಂಗಿಗೆ ದಿನದ ಕೂಲಿ, ಪೇಂಟಿಂಗಿಗೆ ಬೇರೆ ದರ ಎಂದು ಒಡೆದು ಮಾತಾಡುವುದು ಇಬ್ಬರಿಗೂ ನ್ಯಾಯ. ಇದನ್ನು ಹೇಳಲು ಸಂಕೋಚ ಬೇಡ: ‘ಉಸ್ತಾದ್, ಪತ್ರಾ ಬಡದ ಮ್ಯಾಲ ಪುಟ್ಟಿ ಹಚ್ಚಬ್ಯಾಡ್ರಿ, ನಾ ಬಂದು ನೋಡ್ತೀನ್ರಿ. ಆವತ್ತೇ ಅರ್ಧ ರೊಕ್ಕ ಕೊಡ್ತೀನಿ.’ ಕೈಮೇಲೆ ನಂಬಿಕೆಯಿರುವ ಉಸ್ತಾದ್ ಇದಕ್ಕೆ ಸಿಟ್ಟಾಗುವುದಿಲ್ಲ. ಅವರ ಕೆಲಸದ ಅತಿ ಕಷ್ಟದ ಭಾಗ ಬಣ್ಣದ ಕೆಳಗೆ ಮುಚ್ಚಿಹೋಗುವ ಮೊದಲು ಯಾರೋ ಒಬ್ಬರು ನೋಡಲು ಬರುವುದು ಅವರಿಗೂ ಬೇಕಾದದ್ದೇ. ಬಣ್ಣವಾದ ಮೇಲೆ ನೋಡುವುದಾದರೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಒಯ್ಯಿರಿ. ಪುಟ್ಟಿ ದಪ್ಪವಿದ್ದ ಕಡೆ ಅದು ಹಿಡಿಯುವುದಿಲ್ಲ.

ಬಣ್ಣ ಬದಲಿಸುವ ಆಸೆಯಿದ್ದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಆ ಬದಲಾವಣೆ ಏರಿಸಬೇಕು. ಬೀದರಿಗೆ ಕೆಎ 38, ಭಾಲ್ಕಿಗೆ ಕೆಎ 39. ಗಾಡಿಗೆ ವಯಸ್ಸಾಗಿದ್ದರೆ ಇನ್ನೊಂದು ವಿಷಯವೂ ಇದೆ. ವಿಮೆಯ ದರಪಟ್ಟಿಯ ನಿಯಮಕ್ಕೆ ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ ಕಾರು ಮಾತ್ರ. ಆದರೆ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಕ್ಕೆ ಆ ಮಾನ್ಯತೆ ಕೊಡುತ್ತದೆ: ‘ವಿಎ’ ಅಕ್ಷರಗಳ ಪ್ರತ್ಯೇಕ ಸಂಖ್ಯೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ಬಾಡಿಗೆಗೆ ಓಡಿಸುವಂತಿಲ್ಲ. 1970ರ ದಶಕದ ಮೊದಲ ವರ್ಷಗಳ ಅಂಬಾಸಿಡರ್, ಫಿಯಟ್‌ಗಳು ಈಗಾಗಲೇ ಆ ಗಡಿ ದಾಟಿವೆ. ಒಂದು ಷರತ್ತಿದೆ. ಗಾಡಿ ಮೂಲ ರೂಪದಲ್ಲಿರಬೇಕು. ಚೆಸ್ಸಿ, ಮೈ, ಎಂಜಿನ್ ಮಾರ್ಪಾಡಾಗಿರಬಾರದು. ಟ್ರಾಲಿಗೆ ಗುದ್ದಿದ ಗಾಡಿಯ ಮಡ್‌ಗಾರ್ಡನ್ನು ಅದೇ ಆಕಾರಕ್ಕೆ ತರುತ್ತಾರೋ, ಚಕ್ರದ ಕಮಾನು ಅಗಲಿಸಿ ಹೊಸ ಮೋಜಿಗೆ ತಿರುಗಿಸುತ್ತಾರೋ ಎಂಬುದು ಡೆಂಟರನ ಅಂಗಳದಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಮೊದಲ ಬೋಲ್ಟು ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ, ಚೆಸ್ಸಿ ಸಂಖ್ಯೆ ಕೆತ್ತಿದ ಜಾಗವನ್ನು ಉಜ್ಜದಂತೆ, ಬೆಸೆಯದಂತೆ ಉಸ್ತಾದರಿಗೆ ತೋರಿಸಿ, ಬದಲಿಸಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಮನೆಗೆ ತನ್ನಿ.