ರಾಜಕೀಯ ಹಗರಣಗಳೂ ಸಾರ್ವಜನಿಕ ನೀತಿಯ ಪರಿವರ್ತನೆಯೂ

'ಹಗರಣ' ಎಂಬ ಪದಕ್ಕೆ ಹಿಂದೆ ವೇಷ ಕಟ್ಟಿ ಆಡುವ ವಿಡಂಬನೆಯ ಆಟವೆಂಬ ಅರ್ಥವಿದ್ದಿತು. ಇಂದು ಅದು ಅಧಿಕಾರಸ್ಥರ ಅಕ್ರಮ ಬಯಲಾದ ಸಂದರ್ಭಕ್ಕೆ ರೂಢವಾಗಿದೆ. ಅರ್ಥ ಬದಲಾದರೂ ಒಂದು ಅಂಶ ಉಳಿದುಬಂದಿದೆ: ನೋಡುವವರಿಲ್ಲದೆ ಹಗರಣವಿಲ್ಲ. ಗುಟ್ಟಾಗಿ ನಡೆದುದು ಅಕ್ರಮ ಮಾತ್ರ. ಜನ ಅದನ್ನು ಕಂಡು ಇದು ಸಲ್ಲದೆಂದಾಗಲೇ ಅದು ಹಗರಣವಾಗುವುದು. ಆದ್ದರಿಂದ ಹಗರಣಗಳ ಚರಿತ್ರೆಯು ನೋಡುವ ಸಮಾಜದ ನೀತಿಯ ಚರಿತ್ರೆಯೂ ಆಗಿದೆ. ತಪ್ಪನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಸಮಾಜವು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುವೆವು.

ಮೊದಲನೆಯ ಉತ್ತರವು ೧೯೫೮ರದು. ಜೀವವಿಮಾ ನಿಗಮದ ಹಣವನ್ನು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪೆನಿಗಳಲ್ಲಿ ತೊಡಗಿಸಿದ ವಿಚಾರವನ್ನು ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎತ್ತಿದರು. ಅಧಿಕಾರಿಯ ಕೃತ್ಯಕ್ಕೂ ಮಂತ್ರಿಯೇ ಹೊಣೆಯೆಂದು ನ್ಯಾಯಮೂರ್ತಿ ಛಾಗ್ಲಾ ಆಯೋಗವು ಅಭಿಪ್ರಾಯಪಟ್ಟಿತು. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆಯಿತ್ತರು. ಅವರನ್ನು ಯಾವ ನ್ಯಾಯಾಲಯವೂ ಶಿಕ್ಷಿಸಿರಲಿಲ್ಲ. ಶಿಕ್ಷೆ ಬೇರೆ, ಹೊಣೆ ಬೇರೆ ಎಂಬ ತಿಳಿವಳಿಕೆ ಅಂದು ಇದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎರಡನೆಯ ಉತ್ತರವು ಚಿಕ್ಕಮಗಳೂರು ಜಿಲ್ಲೆಯಿಂದ ಬಂದಿತು. ದೇವರಾಜ ಅರಸರ ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ ೧೯೭೭ರಲ್ಲಿ ಗ್ರೋವರ್ ಆಯೋಗವೂ, ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆಗೆ ಷಾ ಆಯೋಗವೂ ನೇಮಕವಾಗಿದ್ದುವು. ಹೀಗಿದ್ದೂ ೧೯೭೮ರ ಫೆಬ್ರವರಿಯಲ್ಲಿ ಅರಸರ ಪಕ್ಷವೇ ರಾಜ್ಯದಲ್ಲಿ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ೭೭ ಸಾವಿರಕ್ಕೂ ಮಿಕ್ಕ ಮತಗಳಿಂದ ಸೋಲಿಸಿದರು. ಇದರಿಂದ ಮತದಾರನು ನೀತಿಯನ್ನು ತೊರೆದನೆಂದು ತೀರ್ಮಾನಿಸುವುದು ದುಡುಕಾದೀತು. ೧೯೭೪ರ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ತೆಗೆದುಹಾಕಿ ಉಳುವವನಿಗೆ ಒಡೆತನದ ದಾರಿ ತೆರೆದಿದ್ದಿತು. ಆಯೋಗದ ಮುಂದಿದ್ದ ಆರೋಪವನ್ನೂ ಅಂಗಳಕ್ಕೆ ಬಂದ ಬಿಡುಗಡೆಯನ್ನೂ ಬಡವನು ಒಂದೇ ತಕ್ಕಡಿಯಲ್ಲಿ ತೂಗಿದನೆಂದು ನಮಗೆ ತೋರುತ್ತದೆ. ಅದೂ ಒಂದು ನ್ಯಾಯದೃಷ್ಟಿಯೇ ಸರಿ.

ಆದರೆ ಇದರಿಂದ ಗೆಲುವನ್ನೇ ನಿರ್ದೋಷಿತ್ವವೆಂದು ಭಾವಿಸುವ ಮಾರ್ಗವೂ ತೆರೆಯಿತು. ೧೯೭೮ರ ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಕಾರಣ ಲೋಕಸಭೆಯು ಇಂದಿರಾ ಗಾಂಧಿಯವರ ಸದಸ್ಯತ್ವವನ್ನು ಕಳೆದು ಸೆರೆಮನೆಗೆ ಕಳುಹಿಸಿತು. ಬಹುಮತ ಬದಲಾದ ಮೇಲೆ ೧೯೮೧ರಲ್ಲಿ ಲೋಕಸಭೆಯೇ ಆ ನಿರ್ಣಯವನ್ನು ರದ್ದುಗೊಳಿಸಿತು. ತಪ್ಪು ಒಪ್ಪುಗಳು ಎಣಿಕೆಯ ವಿಷಯವಾದುವು.

ಮೂರನೆಯ ಉತ್ತರವು ಸಂಸ್ಥೆಯ ರೂಪದ್ದು. ೧೯೮೪ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರವು ಲೋಕಾಯುಕ್ತ ಶಾಸನವನ್ನು ತಂದಿತು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಆಕ್ಷೇಪಿಸಿದಾಗ, ೧೯೮೬ರಲ್ಲಿ, ಹೆಗಡೆಯವರು ರಾಜೀನಾಮೆ ಕೊಟ್ಟು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ೧೯೮೮ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಅಧಿಕಾರದಿಂದ ಇಳಿದೇಬಿಟ್ಟರು. 'ನೈತಿಕ ಹೊಣೆ' ಎಂಬ ಮಾತಿಗೆ ಅಂದು ಇನ್ನೂ ತೂಕವಿದ್ದಿತು.

ಲಿಂಗದಹಳ್ಳಿಯ ಮೇಲಿನ ಬೆಟ್ಟಗಳಲ್ಲಿರುವ ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಸರ್ಕಾರಿ ಕಾರ್ಖಾನೆಗೆ ಹೋಗಿ ನಾಡಿನ ಕಬ್ಬಿಣವಾಗುತ್ತಿದ್ದಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಅದಿರು ರಫ್ತಿನ ಸರಕಾಗಿ ರಾಜಕೀಯವನ್ನೇ ಆಳಲಾರಂಭಿಸಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ೨೦೧೧ರ ಜುಲೈ ೨೭ರಂದು ಒಪ್ಪಿಸಿದರು. ನಾಲ್ಕು ದಿನಗಳ ಬಳಿಕ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆಯಿತ್ತರು. ಈ ಹಗರಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ೨೦೧೬ರಲ್ಲಿ ವಿಶೇಷ ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅವರು ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಮರಳಿ ಮುಖ್ಯಮಂತ್ರಿಯಾದರು. ಈ ನಡುವೆ ೨೦೧೬ರಲ್ಲಿ ಬೇರೊಂದು ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತದ ಪೊಲೀಸ್ ಅಧಿಕಾರವನ್ನು ಕುಗ್ಗಿಸಿತು. ೨೦೨೨ರಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಮಾಡಿತು. ಒಟ್ಟಿನಲ್ಲಿ 'ಇವರು ಹೊಣೆಯೇ?' ಎಂಬ ಪ್ರಶ್ನೆಯ ಸ್ಥಾನದಲ್ಲಿ 'ಸಾಕ್ಷ್ಯವಿದೆಯೇ?' ಎಂಬುದೊಂದೇ ನಿಂತಿತು.

ಇದು ನಮ್ಮೊಬ್ಬರದೇ ಅನುಭವವಲ್ಲ. ಇಟಲಿಯ ಮಿಲಾನಿನಲ್ಲಿ ೧೯೯೨ರ ಫೆಬ್ರವರಿಯಲ್ಲಿ ವೃದ್ಧಾಶ್ರಮವೊಂದರ ಮುಖ್ಯಸ್ಥನು ಲಂಚದೊಡನೆ ಸಿಕ್ಕಿಬಿದ್ದನು. ಆ ಎಳೆ ಹಿಡಿದು ನಡೆದ 'ಶುಭ್ರ ಹಸ್ತ' ತನಿಖೆಯಿಂದ ದಶಕಗಳ ಕಾಲ ಆಳಿದ ಪಕ್ಷಗಳೇ ಕುಸಿದುವು. ತೆರವಾದ ಸ್ಥಾನಕ್ಕೆ ಬಂದವರು ಉದ್ಯಮಿ ಬೆರ್ಲುಸ್ಕೋನಿ. ತೆರಿಗೆ ವಂಚನೆಗಾಗಿ ಶಿಕ್ಷೆಗೊಳಗಾಗಿ ೨೦೧೩ರಲ್ಲಿ ಸೆನೆಟ್ಟಿನಿಂದ ಹೊರಬಿದ್ದ ಅವರನ್ನು ೨೦೨೨ರಲ್ಲಿ ಮತದಾರರು ಮತ್ತೆ ಅಲ್ಲಿಗೇ ಕಳುಹಿಸಿದರು. ನ್ಯಾಯಾಧೀಶರು ದಂಡಿಸಬಲ್ಲರು, ಸಮಾಜದ ಪರವಾಗಿ ನಾಚಿಕೆಪಡಲು ಅವರಿಂದ ಆಗದು.

ನಮ್ಮ ತೀರ್ಮಾನವಿಷ್ಟು. ನ್ಯಾಯಾಲಯವು ನಿರ್ಧರಿಸುವುದು ಅಪರಾಧವನ್ನು. ಮತಪೆಟ್ಟಿಗೆಯು ನಿರ್ಧರಿಸುವುದು ಪ್ರಾತಿನಿಧ್ಯವನ್ನು. ಅಧಿಕಾರಕ್ಕೆ ಬೇಕಾದ ವಿಶ್ವಾಸ ಉಳಿದಿದೆಯೇ ಎಂಬುದು ಮೂರನೆಯ ಪ್ರಶ್ನೆ. ಮೊದಲೆರಡು ಮೂರನೆಯದನ್ನು ನುಂಗಿದುದೇ ನಾವು ಕಂಡ ಪರಿವರ್ತನೆ. ಹಳ್ಳಿಯ ನಡೆವಳಿಕೆಯಲ್ಲಿ ಈ ವಿವೇಕ ಸಾಮಾನ್ಯವಾದುದು: ದೇವಸ್ಥಾನದ ಹುಂಡಿಯ ಲೆಕ್ಕದಲ್ಲಿ ಸಂಶಯ ಬಂದರೆ ಯಾರೂ ಪಾರುಪತ್ಯಗಾರನನ್ನು ಕೂಡಲೇ ಕಳ್ಳನೆನ್ನುವುದಿಲ್ಲ, ಕೋರ್ಟಿನ ತೀರ್ಪಿಗೂ ಕಾಯುವುದಿಲ್ಲ. ಲೆಕ್ಕ ಒಪ್ಪಿಸುವವರೆಗೆ ಬೀಗದಕೈ ಕೆಳಗಿಡು ಎನ್ನುತ್ತಾರೆ.