ಭೂಕಾಂತವನ್ನಳೆಯುವ ಯಂತ್ರವೂ ಕೊಳವೆಬಾವಿಯ ಸ್ಥಳನಿರ್ಣಯವೂ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆಗೆ ಕೊಳವೆಬಾವಿ ತೆಗೆಯಿಸುವ ಮುಂಚೆ, ತೆಂಗಿನಕಾಯಿಯನ್ನೋ ಕವಲುಕಡ್ಡಿಯನ್ನೋ ಹಿಡಿದು ಹೊಲದಲ್ಲಿ ನಡೆಯುವವರನ್ನು ಕರೆಯಿಸುವ ರೂಢಿಯುಂಟು. ಅವರು ನಿಂತಲ್ಲಿ ನೀರು ಬಾರದಿದ್ದರೆ ಹೋಗುವದು ಒಕ್ಕಲಿಗನ ರೊಕ್ಕವೇ ಹೊರತು ಕಾಯಿ ಹಿಡಿದವನದಲ್ಲ. ಭೂಗರ್ಭಶಾಸ್ತ್ರಜ್ಞರು ಬಳಸುವ ಸಾಧನಗಳಲ್ಲಿ ಕಾಂತಮಾಪಕವೂ ಒಂದು. ಅದರ ಗುಣದೋಷಗಳನ್ನು ಊರ ಹಿರಿಯರೂ ಭೂಮಾಲೀಕರೂ ಅರಿತಿರುವದು ಅವಶ್ಯ.

ಮೊದಲನೆಯದಾಗಿ, ಈ ಯಂತ್ರವು ನೀರನ್ನು ಕಾಣುವದಿಲ್ಲ, ಕಲ್ಲನ್ನು ಕಾಣುವದು. ಈ ಸೀಮೆಯ ಅಡಿಗಲ್ಲು ಬಹುಭಾಗ ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ಅದರದೊಂದು ಭಾಗಕ್ಕೆ ಶಾಸ್ತ್ರಜ್ಞರು ರಾಣೇಬೆನ್ನೂರಿನ ಹೆಸರನ್ನೇ ಇಟ್ಟಿರುವರು. ಇಂಥ ಗಟ್ಟಿ ನೆಲದಲ್ಲಿ ನೀರಿರುವದು ಬಿರುಕುಗಳಲ್ಲಿಯೂ ಶಿಥಿಲವಾದ ಮೇಲ್ಪದರದಲ್ಲಿಯೂ ಮಾತ್ರ. ಪೂರ್ವಕಾಲದಲ್ಲಿ ಕರಗಿದ ಶಿಲೆಯು ಬಿರುಕುಗಳೊಳಗೆ ನುಗ್ಗಿ ಆರಿ, ಡಾಲರೈಟ್ ಕಲ್ಲಿನ ಗೋಡೆಯಾಗಿ ನಿಂತಿರುವದುಂಟು. ಅದು ಕೆಲವೆಡೆ ಅಂತರ್ಜಲಕ್ಕೆ ಒಡ್ಡಾಗಿ, ಮೇಲುಪಕ್ಕದಲ್ಲಿ ನೀರನ್ನು ತಡೆದು ನಿಲ್ಲಿಸುವದು. ಅಂಚು ಒಡೆದಿದ್ದರೆ ಅಲ್ಲಿಯೂ ಸೆಲೆ ಸಿಕ್ಕೀತು. ಬಿರುಕಿಲ್ಲದ ಗೋಡೆಯ ನಟ್ಟನಡುವೆಯೇ ಕೊರೆದವನಿಗೆ ಸಿಕ್ಕುವದು ಕರೀ ಹುಡಿ. ಡಾಲರೈಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಕಣಗಳಿರುವದರಿಂದ ಅದರ ಮೇಲೆ ಭೂಕಾಂತಬಲವು ತುಸು ವ್ಯತ್ಯಾಸವಾಗುವದು.

ತುಸುವೆಂಬುದನ್ನು ನೆನಪಿಡತಕ್ಕದ್ದು. ಇಲ್ಲಿಯ ಭೂಕಾಂತಬಲವು ಸುಮಾರು 41,000 ನ್ಯಾನೋಟೆಸ್ಲಾ; ಕಲ್ಲುಗೋಡೆಯಿಂದಾಗುವ ಅಂತರವು ಹಲವು ಹತ್ತು, ಹೆಚ್ಚೆಂದರೆ ಕೆಲವು ನೂರು. ಇದನ್ನಳೆಯುವ ಒಂದು ಬಗೆಯ ಯಂತ್ರದೊಳಗೆ ಇರುವದು ಸೀಮೆಎಣ್ಣೆಯೇ! ಎಣ್ಣೆಯ ಸೀಸೆಗೆ ಸುತ್ತಿದ ತಂತಿಯಲ್ಲಿ ವಿದ್ಯುತ್ತನ್ನು ಹಾಯಿಸಿ ತಟ್ಟನೆ ನಿಲ್ಲಿಸಿದರೆ, ಎಣ್ಣೆಯಲ್ಲಿಯ ಜಲಜನಕದ ಪ್ರೋಟಾನುಗಳು ಬುಗುರಿಯಂತೆ ತಲೆದೂಗುವವು. ನಮ್ಮಲ್ಲಿ ಆ ತೂಗು ಸೆಕೆಂಡಿಗೆ ಸುಮಾರು 1,750 ಸಲ. ಸಂಖ್ಯೆಯ ಏರಿಳಿತದಿಂದಲೇ ಕಾಂತಬಲವು ತಿಳಿಯುವದು.

ಇಷ್ಟು ಸೂಕ್ಷ್ಮವಾದ ಯಂತ್ರವು ಮೋಸಹೋಗುವದೂ ಸುಲಭ. ಸೊಂಟದ ಕುಡುಗೋಲು, ಪಂಪು, ತಗಡಿನ ಮಾಡು, ವಿದ್ಯುತ್ ತಂತಿ ಇವೆಲ್ಲವೂ ಅದಕ್ಕೆ ಶತ್ರುಗಳು. ಮುಂಬಯಿಗೆ ವಿದ್ಯುತ್ ಟ್ರಾಮು ಬರಲಿರುವದೆಂಬ ಕಾರಣಕ್ಕೆ ಕುಲಾಬಾದ ಕಾಂತವೇಧಶಾಲೆಯ ಕೆಲಸವನ್ನು 1904ರಲ್ಲಿ ಅಲಿಬಾಗಕ್ಕೆ ಸಾಗಿಸಲಾಯಿತು. ಎರಡು ವರ್ಷ ಎರಡೂ ಕಡೆ ಅಳೆದು ತಾಳೆ ನೋಡಿದರು. ಸೂರ್ಯನ ಕಡೆಗೆ 2023ರಲ್ಲಿ ಹೊರಟ ಆದಿತ್ಯ-ಎಲ್1 ನೌಕೆಯ ಕಾಂತಮಾಪಕವು ಬೆಂಗಳೂರಿನಲ್ಲಿ ಸಿದ್ಧವಾದದ್ದು. ನೌಕೆಯ ಸ್ವಂತ ಕಾಂತಬಲವು ಲೆಕ್ಕವನ್ನು ಕೆಡಿಸಬಾರದೆಂದು ಅದರಲ್ಲಿ 6 ಮೀಟರ್ ತೋಳನ್ನು ಚಾಚಿ, 3 ಮತ್ತು 6 ಮೀಟರುಗಳಲ್ಲಿ ಎರಡು ಸಂವೇದಕಗಳನ್ನಿಟ್ಟಿರುವರು. ಹೊಲದಲ್ಲಿಯೂ ಸಂವೇದಕವನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟುವದು ಇದೇ ಉದ್ದೇಶದಿಂದ.

ಭೂಕಾಂತವು ಹೊತ್ತೇರಿದಂತೆ ತಾನೇ ಬದಲಾಗುವದು. ಆದುದರಿಂದ ಅಳೆಯುವವನು ಆಗಾಗ್ಗೆ ಮೊದಲಿನ ಗೂಟಕ್ಕೆ ಮರಳಿ ಅಳೆಯಬೇಕು, ಇಲ್ಲವೆ ಅಲ್ಲಿ ಎರಡನೆಯ ಯಂತ್ರವನ್ನಿಡಬೇಕು. ಹೀಗೆ ಮಾಡದವನ ನಕ್ಷೆಗೆ ರೊಕ್ಕ ಕೊಡುವದು ವ್ಯರ್ಥ. ಒಂದೇ ಸ್ಥಳದಲ್ಲಿ ಎರಡು ಸಲ ಅಳೆಯಿಸಿ, ಅಂಕಿ ಕೂಡುವದೋ ಇಲ್ಲವೋ ಯಜಮಾನನೇ ನೋಡಬಹುದು; ಇದಕ್ಕೆ ಶಾಸ್ತ್ರಜ್ಞಾನ ಬೇಡ.

ಇನ್ನೆರಡು ತೊಡಕುಗಳುಂಟು. ನಮ್ಮ ಸೀಮೆಯು ಕಾಂತಸಮಭಾಜಕಕ್ಕೆ ಹತ್ತಿರವಿರುವದರಿಂದ ಪೂರ್ವ ಪಶ್ಚಿಮವಾಗಿ ಹಾಯ್ದ ಗೋಡೆಯು ಚೆನ್ನಾಗಿ ಗುರುತು ಕೊಡುವದು, ಉತ್ತರ ದಕ್ಷಿಣವಾದದ್ದು ಹಲವು ಸಲ ಅಡಗಿಯೇ ಇರುವದು. ಕಬ್ಬಿಣದ ಅದಿರಿನ ಪಟ್ಟಿಗಳಂತೂ ಡಾಲರೈಟಿಗಿಂತ ಜೋರಾಗಿ ಕೂಗುವವು. ಕಾರಣ, ಕಾಂತಮಾಪಕವು ತೋರಿದ ಗೆರೆಯ ಎರಡೂ ಮಗ್ಗುಲಲ್ಲಿ ವಿದ್ಯುನ್ನಿರೋಧ ಪರೀಕ್ಷೆಯನ್ನು ಮಾಡಿಸಿ, ಶಿಥಿಲಪದರವು ಎಷ್ಟು ಆಳವಿದೆಯೆಂದು ತಿಳಿದ ನಂತರವೇ ಕೊರೆಯುವ ಗಾಡಿಯನ್ನು ಹೊಲಕ್ಕೆ ಕರೆಯಿಸತಕ್ಕದ್ದು.